ಹಿತ್ತಲಿನ ಕಲ್ಲಿಗೆ ಉಳಿಪೆಟ್ಟು

ಹೋದ ವಾರ ತರಕಾರಿ ಚೀಲ ಹಿಡಿದು ಬರುತ್ತಿದ್ದೆ. ಮಲ್ಲೇಶ್ವರದ ನಮ್ಮ ಕ್ರಾಸಿನ ತಿರುವಿನಲ್ಲಿ ಫುಟ್‌ಪಾತಿನ ಕೆಲಸ ನಡೆದಿತ್ತು. ಒಬ್ಬಾಕೆ ಕುಕ್ಕರಗಾಲಿನಲ್ಲಿ ಕೂತು ಕಲ್ಲಿನ ಅಂಚು ಒಡೆಯುತ್ತಿದ್ದಳು. ಉಳಿ ಬಿದ್ದಾಗಲೆಲ್ಲ ಕಲ್ಲಿನಿಂದ ಒಂದು ಸುಟ್ಟ ವಾಸನೆ ಏಳುತ್ತದೆ, ದೀಪಾವಳಿಯ ಮರುದಿನ ಬೀದಿಯಲ್ಲಿ ಉಳಿದಿರುತ್ತದಲ್ಲ, ಹಾಗೆ. ಅದು ಮೂಗಿಗೆ ತಗುಲಿದ್ದೇ ತಡ, ನಮ್ಮ ಮೇಸ್ತ್ರಿ ನೆನಪಾದರು. ಮನೆ ಸೇರುವ ತನಕ ಒಬ್ಬಳೇ ನಗುತ್ತಾ ಬಂದೆ.

ಹತ್ತು ವರ್ಷದ ಕೆಳಗಿನ ಮಾತು. ಹಿತ್ತಲಿನ ಕೆಸರಿನಲ್ಲಿ ಜಾರಿ ಅಮ್ಮನ ಸೊಂಟದ ಮೂಳೆ ಮುರಿದಿತ್ತು. ಆಪರೇಷನ್ ಆಗಿ, ಮನೆಯೊಳಗೆ ಗೋಡೆ ಹಿಡಿದು ನಡೆಯುವಷ್ಟು ಚೇತರಿಸಿಕೊಂಡಿದ್ದಳು. ಆದರೆ ಅವಳ ಜೀವವೆಲ್ಲ ಹಿತ್ತಲಿನ ಮಲ್ಲಿಗೆ ಬಳ್ಳಿಯ ಹತ್ತಿರ. ತಾನೇ ನಡೆದು ಹೋಗಿ ಹೂ ಬಿಡಿಸಬೇಕು, ಯಾರೂ ಕೈ ಹಿಡಿಯಬಾರದು, ಇಷ್ಟೇ ಅವಳ ಆಸೆ. ನಾನು ಬಿಡಿಸಿ ತಂದ ಹೂವನ್ನು ಮುಟ್ಟುತ್ತಲೂ ಇರಲಿಲ್ಲ. ಹಠದಲ್ಲಿ ನಾವಿಬ್ಬರೂ ಒಂದೇ ಅಚ್ಚು. ಕೊನೆಗೆ ಹಿತ್ತಲಿಗೆ ಕಲ್ಲು ಹಾಸಿಸುವುದೆಂದು ತೀರ್ಮಾನಿಸಿ ಶ್ರೀರಾಂಪುರದಿಂದ ಮೇಸ್ತ್ರಿಯನ್ನು ಕರೆಸಿದೆ.

ಅವರನ್ನು ಕಂಡಿದ್ದೇ ಅಮ್ಮ, “ನೀನು ಒಳಕಲ್ಲು ಕುಟ್ಟಕ್ಕೆ ಬರ್ತಿದ್ದವನಲ್ವೇನಪ್ಪ?” ಎಂದಳು.

ಹೌದಂತೆ. ಹರೆಯದಲ್ಲಿ ಉಳಿ, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಇಲ್ಲಿನ ಕ್ರಾಸುಗಳನ್ನೆಲ್ಲ ಕೂಗುತ್ತಾ ಸುತ್ತುತ್ತಿದ್ದರಂತೆ. ಸವೆದು ನುಣುಪಾದ ರುಬ್ಬುವ ಕಲ್ಲಿಗೆ ಚುಕ್ಕಿ ಚುಕ್ಕಿಯಾಗಿ ಉಳಿಪೆಟ್ಟು ಕೊಟ್ಟು ಮತ್ತೆ ಒರಟು ಮಾಡಿಕೊಡುವುದು ಅವರ ಕಸುಬಾಗಿತ್ತು. ಮನೆಮನೆಗೂ ಮಿಕ್ಸಿ ಬಂದ ಮೇಲೆ ನೆಲಹಾಸಿನ ಕೆಲಸಕ್ಕೆ ಇಳಿದಿದ್ದರು.

ಕಲ್ಲು ಆರಿಸಲು ನಾನೂ ಮೇಸ್ತ್ರಿಯೂ ಕಲ್ಲಿನ ಅಂಗಡಿಗೆ ಹೋದೆವು. ನನಗೆ ಕಪ್ಪು ಕಡಪಾ ಕಲ್ಲಿನ ಮೇಲೆ ಕಣ್ಣು. ಅವರು, “ಚಪ್ಪಲಿ ಬಿಟ್ಟು ಒಂದ್ಸಲ ನಿಂತ್ಕೊಳಿ ಅಕ್ಕ” ಎಂದರು. ಮಟಮಟ ಮಧ್ಯಾಹ್ನ. ನಾನು ನಿಂತ ಹಾಗೇ ನೆಗೆದೆ. ಆಮೇಲೆ ಬೂದು ಬಣ್ಣದ ಒರಟು ಚಪ್ಪಡಿಯ ಮೇಲೆ ನಿಲ್ಲಿಸಿದರು. ಬಿಸಿಯೇನೋ ಇತ್ತು, ಆದರೆ ನಿಲ್ಲಬಹುದಾಗಿತ್ತು. ಒಂದೊಂದು ಚಪ್ಪಡಿಯನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಕಿವಿಗೊಟ್ಟು ಕೇಳಿದರು. ಕಂಚಿನ ಪಾತ್ರೆಯ ಹಾಗೆ ನಾದ ಬಂದರೆ ಸರಿ, ಬೊದ್ದೆಂದರೆ ಒಳಗೆ ಬಿರುಕಿದೆ ಎಂದು ಪಕ್ಕಕ್ಕೆ. ಅಂಗಡಿಯವನ ಮುಖ ಗಂಟಾಗುತ್ತಾ ಹೋಯಿತು, ಇವರು ಆ ಕಡೆ ತಿರುಗಿಯೂ ನೋಡಲಿಲ್ಲ.

ಮರಳು ಹಾಸಿ, ನೀರು ಸಂಪಿಗೆ ಮರದ ಬುಡಕ್ಕೆ ಹರಿಯುವಂತೆ ಸ್ವಲ್ಪ ವಾಟ ಕೊಟ್ಟು ಕೂರಿಸಿದರು. ಸಂದಿಗೆ ಸಿಮೆಂಟಿಲ್ಲ, ಬರೀ ಮರಳು. ಮುಗಿದ ಮೇಲೆ ಬಕೆಟ್ಟುಗಟ್ಟಲೆ ನೀರು ಸುರಿದು, ಅದು ಎಲ್ಲಿ ನಿಲ್ಲುತ್ತದೆಂದು ಕೂತು ನೋಡಿದರು. ಎಲ್ಲೂ ನಿಲ್ಲಲಿಲ್ಲ. “ಕಡ್ಡಿ ಪೊರಕೇಲಿ ಗುಡಿಸಿ, ಪಾಚಿ ಕಟ್ಟಿದ್ರೆ ತೆಂಗಿನ ನಾರಲ್ಲಿ ಉಜ್ಜಿ. ಆಸಿಡ್ ಮಾತ್ರ ಹಾಕ್ಬೇಡಿ” ಎಂದು ಹೇಳಿ ಹೋದರು. ವಾರದೊಳಗೆ ಅಮ್ಮ ನನ್ನ ತೋಳು ಹಿಡಿದು ಅರ್ಧ ಹಿತ್ತಲು ದಾಟಿದಳು.

ಆಗ ನಾನು ನನ್ನ ಬುದ್ಧಿವಂತಿಕೆ ತೋರಿಸಿದೆ. ಗೌರಿ ಹಬ್ಬಕ್ಕೆ ನೆಂಟರು ಬರುವವರಿದ್ದರು, ಕಲ್ಲು ಮಂಕಾಗಿ ಕಂಡಿತು. ಆಸಿಡ್ ಬೇಡ ಎಂದಿದ್ದರೇ ಹೊರತು ಕೋಟಿಂಗ್ ಬೇಡ ಎಂದಿರಲಿಲ್ಲವಲ್ಲ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಡಬ್ಬ ತಂದು ಇಡೀ ನೆಲಕ್ಕೆ ಬಳಿಸಿದೆ. ಫಳಫಳ ಹೊಳೆಯಿತು. ಹಬ್ಬದ ಬೆಳಿಗ್ಗೆ ಸಣ್ಣ ಹನಿ ಬಿದ್ದಿತ್ತು. ಅಮ್ಮ ಒಬ್ಬಳೇ ಎರಡು ಹೆಜ್ಜೆ ಇಟ್ಟವಳು ಜಾರಿ ಕೂತಳು. ಪುಣ್ಯಕ್ಕೆ ಅಂಗೈ ಮಾತ್ರ ತರಚಿತು. ಆದರೆ ಒಳಗೆ ಹೋದವಳು, “ಸಾಕು, ಇನ್ನು ಹೊರಗೆ ಬರಲ್ಲ ನಾನು” ಎಂದು ಬಾಗಿಲು ಮುಂದೆ ಮಾಡಿಕೊಂಡಳು. ಅಂದು ನಾನು ಅತ್ತಷ್ಟು ಅವಳ ಮೂಳೆ ಮುರಿದ ದಿನವೂ ಅತ್ತಿರಲಿಲ್ಲ...

ಮೇಸ್ತ್ರಿ ಬಂದು ಒಂದು ಲೋಟ ನೀರು ಚೆಲ್ಲಿದರು. ಕೆಸುವಿನೆಲೆಯ ಮೇಲಿನಂತೆ ಹನಿ ಉರುಳಾಡಿತು.

“ಕಲ್ಲಿಗೆ ರೈನ್‌ಕೋಟ್ ಹಾಕ್ಸಿಬಿಟ್ಟಿದೀರಲ್ಲ ಅಕ್ಕ” ಎಂದರು. ಬೈದಿದ್ದರೆ ವಾಸಿಯಿತ್ತು.

ಮರುದಿನದಿಂದ ಹಳೆಯ ಉಳಿ ಹಿಡಿದು ಕೂತರು. ಮೆಷಿನ್ ತರಿಸೋಣವೇ ಎಂದರೆ ಬೇಡವೆಂದರು. ಎಂಟು ದಿನ, ಇಡೀ ಹಿತ್ತಲನ್ನೇ ಒಂದು ಒಳಕಲ್ಲೆಂದುಕೊಂಡು ಚುಕ್ಕಿ ಚುಕ್ಕಿ ಕುಟ್ಟಿದರು. ಮನೆಯೆಲ್ಲ ಆ ಸುಟ್ಟ ವಾಸನೆ. ಮೂರನೆಯ ದಿನ ಅಮ್ಮನ ಕಿಟಕಿ ತೆರೆಯಿತು. ಐದನೆಯ ದಿನ ಅವಳು ಹೊಸಿಲ ಹತ್ತಿರ ಕುರ್ಚಿ ಹಾಕಿಕೊಂಡು, “ಆ ಮೂಲೆ ಬಿಟ್ಟೆ ನೋಡಪ್ಪ” ಎಂದು ಮೇಸ್ತ್ರಿಗೇ ಮೇಸ್ತ್ರಿಯಾದಳು.

“ಆವಾಗ ಅಕ್ಕಿ ಜಾರಬಾರ್ದು ಅಂತ ಕುಟ್ತಿದ್ದೆ ಅಮ್ಮ. ಈಗ ನೀವು ಜಾರಬಾರ್ದು ಅಂತ” ಎಂದರು ಅವರು, ತಲೆಯೆತ್ತದೆ.

ಒಂಬತ್ತನೆಯ ದಿನ ಅವರೇ ನೆಲವನ್ನೆಲ್ಲ ಒದ್ದೆ ಮಾಡಿ, ಬರಿಗಾಲಲ್ಲಿ ಬನ್ನಿ ಎಂದು ಅಮ್ಮನನ್ನು ಕರೆದರು. ನಾನು ಓಡಿಹೋಗಿ ಕೈ ಚಾಚಿದರೆ ಇಬ್ಬರೂ ಒಟ್ಟಿಗೆ ನನ್ನನ್ನು ಗದರಿದರು. ಅಮ್ಮ ಇಳಿದಳು. ಒಂದು ಕಲ್ಲು, ಎರಡು ಕಲ್ಲು... ಮಲ್ಲಿಗೆ ಬಳ್ಳಿ ಮುಟ್ಟಿದಳು. ಬೊಗಸೆ ತುಂಬ ಬಿಡಿಸಿಕೊಂಡು ಅದೇ ನಡಿಗೆಯಲ್ಲಿ ತಿರುಗಿ ಬಂದಳು. ಯುದ್ಧ ಗೆದ್ದವಳ ಮುಖ. ಮೇಸ್ತ್ರಿ ಉಳಿಯನ್ನು ಕಿಟಕಿಯ ಮೇಲಿಟ್ಟು, “ಇದಿಲ್ಲೇ ಇರ್ಲಿ. ಅಮ್ಮ ಜಾಸ್ತಿ ಓಡಾಡಿದ ಕಡೆ ಮತ್ತೆ ನುಣುಪಾಗತ್ತೆ, ಆವಾಗ ಕರೀರಿ” ಎಂದರು.

ಈಗ ಅಮ್ಮನಿಗೆ ಎಂಬತ್ತನಾಲ್ಕು. ಮಲ್ಲಿಗೆ ಬಳ್ಳಿಯ ಮುಂದಿನ ಕಲ್ಲು ನಿಜವಾಗಿಯೂ ನುಣುಪಾಗಿತ್ತು, ಅವಳದೇ ಕಾಲಿನಿಂದ. ಹೋದ ವರ್ಷ ಮೇಸ್ತ್ರಿಗೆ ಫೋನು ಮಾಡಿದಾಗ ಮಗಳು ತೆಗೆದು, “ಅಪ್ಪ ಹೋಗ್ಬಿಟ್ರು ಅಕ್ಕ” ಎಂದಿದ್ದಳು. ಬೇರೆಯವರನ್ನು ಕರೆಯಲು ನನಗೆ ಮನಸ್ಸೇ ಬಂದಿರಲಿಲ್ಲ.

ಹೋದ ವಾರ ಮನೆಗೆ ಬಂದವಳೇ ತರಕಾರಿ ಚೀಲ ಇಟ್ಟು, ಕಿಟಕಿಯ ಮೇಲಿನ ಉಳಿ, ಮನೆಯಲ್ಲಿದ್ದ ಸುತ್ತಿಗೆ ತೆಗೆದುಕೊಂಡು ಬಳ್ಳಿಯ ಮುಂದೆ ಕೂತೆ. ಹೆಬ್ಬೆರಳಿಗೆ ಎರಡು ಸಲ ಏಟು ಬಿತ್ತು, ಚುಕ್ಕಿಗಳು ಸೊಟ್ಟಸೊಟ್ಟಗೆ ಬಿದ್ದವು. ಅವರು ನೋಡಿದ್ದರೆ ಏನೆನ್ನುತ್ತಿದ್ದರೋ... ಸಂಜೆಯ ಹೊತ್ತಿಗೆ ಆ ಒಂದು ಕಲ್ಲು ಒರಟಾಯಿತು. ನೀರು ಸುರಿದು ಅಮ್ಮನನ್ನು ಕರೆದೆ. ಅಮ್ಮ ಬಂದಳು, ಆ ಕಲ್ಲಿನ ಮೇಲೆ ನಿಂತು ಕಾಲನ್ನು ಎರಡು ಸಲ ಉಜ್ಜಿ ನೋಡಿದಳು, ಹೂ ಬಿಡಿಸಿಕೊಂಡಳು. ಒಳಗೆ ಹೋಗುವಾಗ ಒಂದು ಮಲ್ಲಿಗೆಯನ್ನು ಕಿಟಕಿಯ ಮೇಲೆ, ಉಳಿ ಇಡುವ ಜಾಗದಲ್ಲಿಟ್ಟು ಹೋದಳು.