ಖಾಲಿ ಮಾಡುವ ದಿನ ಗೋಡೆ ಬಳಿದದ್ದು

ಹೊಸಪೇಟೆಯಲ್ಲಿ ಡಿಗ್ರಿ ಓದುವಾಗ ನಾನು, ನನ್ನ ಗೆಳತಿ ಮೂರು ವರ್ಷ ಒಂದು ಮಹಡಿ ಕೋಣೆಯಲ್ಲಿ ಬಾಡಿಗೆಗಿದ್ದೆವು. ನಾನು ಸಂಡೂರಿನವಳು, ಅವಳು ಕಂಪ್ಲಿಯವಳು. ಕಿಟಕಿಯಾಚೆಯ ರಸ್ತೆಯಲ್ಲಿ ಅದಿರಿನ ಲಾರಿಗಳು ಓಡಾಡುತ್ತಿದ್ದವು. ಮನೆಯ ಮಾಲೀಕರು, ಅಂದರೆ ನಮ್ಮ ಅಂಕಲ್ ಮತ್ತು ಆಂಟಿ, ಕೆಳಗೆ ಇರುತ್ತಿದ್ದರು. ಕೊನೆಯ ಪರೀಕ್ಷೆ ಮುಗಿದ ಮರುದಿನ ಕೋಣೆ ಖಾಲಿ ಮಾಡಬೇಕಿತ್ತು. ಆಂಟಿ ಹಾಕಿದ್ದು ಒಂದೇ ಷರತ್ತು.

"ಗ್ವಾಡಿ ಹೆಂಗ ಕೊಟ್ಟೀವಿ ಹಂಗ ಇರಬೇಕು ನೋಡ್ರವ್ವಾ."

ಬೆಳಿಗ್ಗೆ ಎದ್ದು ಮೊದಲು, ನಾವು ಬರುವ ಮುಂಚಿನಿಂದಲೂ ತೂಗುತ್ತಿದ್ದ ಹಳೇ ಕ್ಯಾಲೆಂಡರ್ ತೆಗೆದೆ. ಗೋಡೆಯೆಲ್ಲ ತಿಳಿ ಇಟ್ಟಿಗೆ ಬಣ್ಣ, ಕ್ಯಾಲೆಂಡರ್ ಇದ್ದ ಜಾಗದಲ್ಲಿ ಮಾತ್ರ ಅಚ್ಚ ಆಕಾಶನೀಲಿಯ ಒಂದು ಚೌಕ. ಯಾರೋ ನೀಲಿ ಕಾಗದ ಅಂಟಿಸಿದ್ದಾರೆ ಎಂದೆ. ಗೆಳತಿ ಉಗುರಿನಿಂದ ಕೆರೆದು ನೋಡಿದಳು.

"ಪೇಪರ್ ಅಲ್ಲಲೇ, ಪೇಂಟು."

ಇದು ನಮಗಿಂತ ಮುಂಚೆ ಇದ್ದವರ ಕಿತಾಪತಿ, ಆಂಟಿ ನೋಡಿದರೆ ನಮ್ಮ ತಲೆಗೇ ಕಟ್ಟುತ್ತಾರೆ ಎಂದು ಇಬ್ಬರೂ ತೀರ್ಮಾನಿಸಿದೆವು. ಗೆಳತಿ ಓಡಿಹೋಗಿ ಅಂಗಡಿಯಿಂದ ಸುಣ್ಣ ತಂದಳು. ನಾನು ಮಹಡಿಯ ಹೂಕುಂಡದಿಂದ ಕೆಮ್ಮಣ್ಣು ಬಗೆದೆ. ಸ್ನಾನದ ಬಕೆಟ್ಟಿನಲ್ಲಿ ಎರಡನ್ನೂ ಕಲಸಿ, ಹಳೇ ಪೊರಕೆಯಿಂದ ಚೌಕದ ಮೇಲೆ ಬಳಿದೆವು. ಒಣಗಿದಾಗ ಅದು ಸುತ್ತಲಿನ ಗೋಡೆಗಿಂತ ಗಾಢವಾಗಿ ಕಂಡಿತು. ಸರಿಹೋಗಲೆಂದು ಅಕ್ಕಪಕ್ಕ ಸ್ವಲ್ಪ ಎಳೆದೆವು. ಅದು ಸರಿಹೋಗಲೆಂದು ಮತ್ತಷ್ಟು ಎಳೆದೆವು. ಹತ್ತು ಗಂಟೆಯ ಹೊತ್ತಿಗೆ ಇಡೀ ಗೋಡೆ ಮುಗಿದಿತ್ತು.

ಅಷ್ಟರಲ್ಲಿ ಗೆಳತಿಯ ಸೋದರಮಾವ ಟೆಂಪೋ ತಂದ. ಊರಿನಿಂದ ಅಕ್ಕಿಮೂಟೆ ತಂದಿಳಿಸಿ ಖಾಲಿ ಗಾಡಿಯಲ್ಲಿ ಕಂಪ್ಲಿಗೆ ಹೊರಟಿದ್ದವನು ನನ್ನನ್ನು ಬಸ್ ನಿಲ್ದಾಣದಲ್ಲಿ ಇಳಿಸಿ ಗೆಳತಿಯನ್ನು ಕರೆದೊಯ್ಯಬೇಕಿತ್ತು. ನಮ್ಮ ಕೈಯೆಲ್ಲ ಸುಣ್ಣವಾಗಿದ್ದರಿಂದ ಸಾಮಾನನ್ನೆಲ್ಲ ತಾನೇ ಇಳಿಸಿ ಗಾಡಿಗೆ ತುಂಬಿದ.

ಕೋಣೆ ನೋಡಲು ಮಾಲೀಕರಿಬ್ಬರೂ ಮೇಲೆ ಬಂದರು. ಅಂಕಲ್ ಬಾಗಿಲಲ್ಲೇ ನಿಂತುಬಿಟ್ಟರು.

"ನೀಲಿ ಗ್ವಾಡಿಗೆ ಇದೇನ್ ಬಳದೀರಿ?"

"ನೀಲಿ ಎಲ್ಲೈತ್ರಿ ಅಂಕಲ್?"

ಅವರು ಒದ್ದೆ ಬಟ್ಟೆಯಿಂದ ನಾವು ಮುಟ್ಟದ ಎದುರಿನ ಗೋಡೆಯನ್ನು ಒಮ್ಮೆ ಉಜ್ಜಿದರು. ಬಟ್ಟೆ ಕೆಂಪಾಯಿತು, ಗೋಡೆಯಲ್ಲಿ ನೀಲಿ ಪಟ್ಟೆ ಮೂಡಿತು. ಮೂರು ವರ್ಷ ನಾವು ಬಣ್ಣವೆಂದುಕೊಂಡದ್ದು ಅದಿರಿನ ಧೂಳು! ಇದ್ದ ಒಂದೇ ಒಂದು ಸ್ವಚ್ಛ ಜಾಗವನ್ನು ಕಷ್ಟಪಟ್ಟು ಕೊಳಕು ಮಾಡಿದ್ದೆವು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷ ಒಮ್ಮೆಯೂ ಗೋಡೆ ಒರೆಸಿಲ್ಲವೆಂಬ ಗುಟ್ಟು ಮಾವನ ಮುಂದೆಯೇ ಬಯಲಾಯಿತಲ್ಲ ಎಂದು ನನಗೆ ನಾಚಿಕೆಯಾಯಿತು.

ಕಾಪಾಡಿದ್ದು ಆಂಟಿ. "ಯಾವ ನೀಲಿ? ನಂಗ ಮೊದಲಿಂದ್ಲೂ ಹಿಂಗ ಕಂಡೈತಿ."

"ನಾನ ನಿಂತು ಬಳಿಸೀನಲ್ಲ!" ಅಂದರು ಅಂಕಲ್.

"ನನ್ನ ಕೇಳದ ಬಳಿಸಿರಬೇಕು. ನೀಲಿ ನಂಗ ಸೇರಂಗಿಲ್ಲ." ಆಂಟಿ ನಾವು ಬಳಿದ ಗೋಡೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. "ಇದು ಮಸ್ತ್ ಐತಿ. ಉಳಿದ ಮೂರಕ್ಕೂ ಬಳದು ಹೋಗ್ರಿ."

ನಾವು ನಕ್ಕೆವು. ಆಂಟಿ ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾವೇ ಕುಂಡದ ಮುಂದೆ ಕೂತು ಮಣ್ಣು ಬಗೆಯತೊಡಗಿದರು. ಅಂಕಲ್ ಮೆಟ್ಟಿಲ ಮೇಲೆ ಕೂತು, "ನೀಲಿನ ಇತ್ತು, ಎಲ್ಲಿ ಬೇಕಾದ್ರೂ ಹೇಳ್ತೀನಿ," ಎನ್ನುತ್ತಿದ್ದರು. ಮಾವ ಕೆಳಗಿನಿಂದ ನಾಲ್ಕು ಸಲ ಹಾರ್ನ್ ಹೊಡೆದ. "ಲೇ, ಬರ್ತೀರೋ ಇಲ್ಲೋ?" ಎಂದು ಕೂಗಿ, ಹೊರಟೇಹೋದ. ನಮ್ಮ ಬಟ್ಟೆ, ಚಪ್ಪಲಿ, ಬಾಚಣಿಗೆ ಎಲ್ಲ ಟೆಂಪೋದಲ್ಲೇ ಇದ್ದವು.

ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ಆಂಟಿ ಒಗ್ಗರಣೆ ಮಂಡಕ್ಕಿ, ಚಹಾ ಕೊಟ್ಟು, ಮನೆಯಲ್ಲಿದ್ದ ಎರಡು ಜೊತೆ ಹಳೇ ಚಪ್ಪಲಿ ಕೊಟ್ಟರು. ನನ್ನ ಪಾಲಿಗೆ ಬಂದದ್ದು ಅಂಕಲ್‌ದು. ನನ್ನ ಪೆಟ್ಟಿಗೆಯೂ ಕಂಪ್ಲಿಗೆ ಹೋಗಿದ್ದರಿಂದ ಇಬ್ಬರೂ ಕಂಪ್ಲಿ ಬಸ್ಸು ಹತ್ತಿದೆವು. ಅಂಗೈ ಉರಿಯುತ್ತಿತ್ತು, ತಲೆತುಂಬ ಸುಣ್ಣದ ಚುಕ್ಕೆ. ಪಕ್ಕದಲ್ಲಿ ಕೂತ ಹೆಂಗಸು ನಮ್ಮನ್ನು ಬಹಳ ಹೊತ್ತು ನೋಡಿದಳು.

"ಸುಣ್ಣದ ಕೆಲಸಕ್ಕ ಕಮಲಾಪುರಕ್ಕೂ ಬರ್ತೀರೇನವ್ವಾ?"

ನಾನು ಇಲ್ಲವೆನ್ನುವಷ್ಟರಲ್ಲಿ ಗೆಳತಿ, "ಒಂದ್ ವಾರ ಬಿಟ್ಟು ನೋಡಾಮ್ರಿ," ಎಂದು ಗಂಭೀರವಾಗಿ ನಂಬರ್ ಕೊಟ್ಟಳು, ಅದೂ ನನ್ನದು. ಆ ಹೆಂಗಸು ಇದುವರೆಗೆ ಮೂರು ಸಲ ಫೋನ್ ಮಾಡಿದ್ದಾಳೆ.