ಬಚ್ಚಲುಮನೆಯ ಬೋರ್ಡು

ಕೊರಟಗೆರೆ ಹತ್ತಿರದ ಒಂದು ವೃದ್ಧಾಶ್ರಮಕ್ಕೆ ನಾನು ಹಾಲು ಹಾಕುತ್ತಿದ್ದೆ. ಅಲ್ಲಿನ ಮೇಲ್ವಿಚಾರಕರು ಏನೇ ಅನಾಹುತವಾದರೂ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತ, "ಇದ್ರಿಂದ ನಾವು ಪಾಠ ಕಲೀಬೇಕು ಕಣಯ್ಯ" ಎನ್ನುತ್ತಿದ್ದರು. ಯಾರೋ ಜಾರಿ ಬಿದ್ದು ಸೊಂಟ ಮುರಿದುಕೊಂಡಾಗಲೂ ಕನ್ನಡಕವಂತೂ ಫಳಫಳ ಹೊಳೆಯಿತು.

ಒಂದು ದಿನ ಕೆಲಸದವಳು ಹಂಡೆಯ ಕುದಿನೀರಿಗೆ ತಣ್ಣೀರು ಬೆರೆಸದೆ, ಕಣ್ಣು ಕಾಣದ ಅಜ್ಜಿಯೊಬ್ಬಳ ಮೈಮೇಲೆ ಹುಯ್ದುಬಿಟ್ಟಳು. ಬೆನ್ನೆಲ್ಲ ಬೊಬ್ಬೆ ಎದ್ದಿತು. ಈ ಸಲ ಮೇಲ್ವಿಚಾರಕರು ನಿಜವಾಗಿಯೂ ಪಾಠ ಕಲಿತರು. ವಾರದೊಳಗೆ ಬಚ್ಚಲುಮನೆಯ ಗೋಡೆಗೆ ಬೋರ್ಡು ಬಂತು: 'ಬಿಸಿನೀರು, ಎಚ್ಚರಿಕೆ'. ಕೆಳಗೆ, ಅದಕ್ಕಿಂತ ದಪ್ಪ ಅಕ್ಷರದಲ್ಲಿ, ಬೋರ್ಡು ಕೊಡಿಸಿದ ದಾನಿಗಳ ಹೆಸರು. ಅವರನ್ನು ಕರೆಸಿ, ತೆಂಗಿನಕಾಯಿ ಒಡೆಸಿ, ಅಜ್ಜಿಯ ಕೈಯಿಂದಲೇ ಹಾರ ಹಾಕಿಸಿದರು. ಬೆನ್ನುರಿಗೆ ಅವಳ ಕೈ ಮೇಲೇಳಲಿಲ್ಲ. ದಾನಿಗಳೇ ದೊಡ್ಡ ಮನಸ್ಸು ಮಾಡಿ ಬಗ್ಗಿದರು.

"ಅಜ್ಜಿಗೆ ಕಣ್ಣು ಕಾಣಲ್ವಲ್ಲ ಸಾ," ಎಂದೆ.

ಅವರು ಕನ್ನಡಕ ಒರೆಸುತ್ತ, "ಬಂದೋರಿಗೆ ಕಾಣುತ್ತಲ್ಲಯ್ಯ" ಎಂದರು.

ಪಾಠ ಅಜ್ಜಿಗೂ ಹತ್ತಿತ್ತು. ಆಮೇಲೆ ಯಾವಾಗ ಸ್ನಾನಕ್ಕೆ ಕರೆದರೂ ಮಂಚದ ಕಂಬಿ ಹಿಡಿದುಕೊಂಡು, "ಆಗ್ಲೇ ನೀರು ಉಯ್ಕಂಬುಟ್ಟೆ ಕಣಮ್ಮ" ಎನ್ನುತ್ತಿದ್ದಳು.