ಮೂರು ಕೋಟ್ ಎಣ್ಣೆ ಹಚ್ಚಿಸಿಕೊಂಡ ರಾಜ

ದೋಹಾದ ಅಲ್ ಹಿಲಾಲ್‌ನ ಫ್ಲ್ಯಾಟೊಂದರಲ್ಲಿ, ಹೆಬ್ಬೆರಳೆತ್ತರದ ಗೊಂಬೆರಾಜನೊಬ್ಬನ ಕತ್ತಿನ ಮೇಲೆ ಲ್ಯಾನ್ಸ್‌ಲಾಟರ ಮುಖ ಕುಳಿತಿತ್ತು. ಕ್ರಿಸ್ಮಸ್ ಗೋದಲಿಗೆ, ಅಂದರೆ ಬಾಲಯೇಸುವಿನ ಕೊಟ್ಟಿಗೆಗೆ, ಕಾಣಿಕೆ ಹೊತ್ತು ಬರುವ ಮೂವರು ರಾಜರಲ್ಲಿ ಒಬ್ಬನಿಗೆ ಅವರು ತಮ್ಮದೇ ಮೂಗು, ತಮ್ಮದೇ ಜೋಡಿ ಗಲ್ಲ ದಯಪಾಲಿಸಿದ್ದರು. ಕೇಳಿದವರಿಗೆ “ಹಾಗೇ ಬಂತು” ಎನ್ನುತ್ತಿದ್ದರು. ಕನ್ನಡಿ ಎದುರಿಟ್ಟುಕೊಂಡು ಪುಟ್ಟಿ ಮೆತ್ತಿ, ಗುಂಡುಸೂಜಿಯಿಂದ ಹುಬ್ಬು ತೀಡಿದ್ದು ಹೆಂಡತಿ ಜರ್ಟ್ರೂಡ್‌ಗೆ ಮಾತ್ರ ಗೊತ್ತು.

ಮಾರ್ಚ್‌ಗೆ ಅವರಿಗೆ ಶಿಪ್ಪಿಂಗ್ ಆಫೀಸಿನಿಂದ ನಿವೃತ್ತಿ. ಆಮೇಲೆ ವೀಸಾ ಖಲಾಸ್. ಅರ್ಧ ಆಯುಷ್ಯ ಕಳೆದ ಈ ದೇಶದಲ್ಲಿ ಒಂದು ಗುರುತು ಉಳಿಸಿ ಹೋಗಬೇಕೆಂಬ ಆಸೆ. ರಾಜನಿಂದ ರಬ್ಬರ್ ಅಚ್ಚು ತೆಗೆದು, ನಕಲು ಎರಕ ಹೊಯ್ದು, ದೋಹಾದಲ್ಲಿರುವ ಮಂಗಳೂರಿನ ಬಳಗಕ್ಕೆಲ್ಲ ಹಂಚಿದರೆ ಪ್ರತಿ ಡಿಸೆಂಬರ್ ಅವರ ಮನೆಗಳಲ್ಲಿ ತಾವು ನಿಂತಿರಬಹುದು. ಅದೂ ಕಿರೀಟ ಹಾಕಿಕೊಂಡು.

ಆದರೆ ಮೂಲ ಇದ್ದದ್ದು ಒಂದೇ. ರಬ್ಬರ್ ಕಚ್ಚಿಕೊಂಡರೆ ಬಿಡಿಸುವಾಗ ಮೂಗೇ ಕಿತ್ತು ಬರುವ ಅಪಾಯ.

“ಸ್ಪ್ರೇ ಸಿಗ್ತದೆ ಅಂಕಲ್. ತೆಳ್ಳಗೆ ಒಂದು ಸಲ ಹೊಡೆದ್ರೆ ಅಂಟುವುದಿಲ್ಲ,” ಎಂದ ಪಕ್ಕದ ಮನೆಯ ಇಂಜಿನಿಯರ್ ಕ್ಲೈವ್.

“ಕೆಮಿಕಲ್ಲಾ? ನನ್ನ ಮುಖಕ್ಕಾ?” ಲ್ಯಾನ್ಸ್‌ಲಾಟ್ ಹೌಹಾರಿದರು. “ಊರಿನ ತೆಂಗಿನೆಣ್ಣೆ ಉಂಟು ಮಾರಾಯ.”

ಜರ್ಟ್ರೂಡ್‌ಳ ತಲೆಗೆ ಹಚ್ಚುವ ಬಾಟ್ಲಿಯಿಂದಲೇ ರಾಜನಿಗೆ ಮೂರು ಕೋಟ್ ಅಭ್ಯಂಜನವಾಯಿತು. ಸೆಕೆಗೆ ರಬ್ಬರ್ ಬೇಗ ಗಟ್ಟಿಯಾಗಿ ಗುಳ್ಳೆ ನಿಂತೀತೆಂದು, ರಾಜನನ್ನು ಡಬ್ಬಿಯಲ್ಲಿ ನಿಲ್ಲಿಸಿ, ಮೊದಲು ಎಸಿಯನ್ನು ಜೋರಾಗಿ ಹಾಕಿ ಕೋಣೆಯನ್ನು ಮಂಜುಗಡ್ಡೆ ಮಾಡಿದರು. ರಬ್ಬರ್ ಹೊಯ್ದದ್ದು ಆಮೇಲೆ.

ಮರುದಿನ ಅಚ್ಚು ಬಿಡಿಸಿದಾಗ ರಾಜ ಸಲೀಸಾಗಿ ಹೊರಬಂದ. ಮೂಗು ಕ್ಷೇಮ. “ನೋಡಿದಿಯಾ ನನ್ನ ಟೆಕ್ನಿಕ್!” ಎಂದು ಹೆಂಡತಿಯನ್ನು ಕೂಗಿದರು.

ಅವಳು ರಾಜನನ್ನು ಬೆಳಕಿಗೆ ಹಿಡಿದಳು. “ಮುಖಕ್ಕೆ ಬಿಳಿ ಬಿಳಿ ಎಂತ ಇದು? ಎಣ್ಣೆ ಹೆಪ್ಪುಗಟ್ಟಿದೆ ಅಲ್ವಾ? ಎಸಿ ಹಾಕಿದ್ರೆ ನನ್ನ ಬಾಟ್ಲಿಯಲ್ಲೂ ಹೀಗೇ ಕಲ್ಲಾಗ್ತದೆ. ದಿನಾ ಬಿಸಿನೀರಲ್ಲಿ ಇಡುವುದು ನೀವೇ ಅಲ್ವಾ ಮಾರಾಯ್ರೆ!”

ಲ್ಯಾನ್ಸ್‌ಲಾಟ್ ಅಚ್ಚಿನೊಳಗೆ ಇಣುಕಿದರು: ಹೆಪ್ಪುಗಟ್ಟಿದ ಎಣ್ಣೆ ಗೆರೆಗಳನ್ನೆಲ್ಲ ಮುಚ್ಚಿದ್ದರಿಂದ ಒಳಗೆ ಬರೀ ನುಣುಪೇ ಮೂಡಿತ್ತು. ರಬ್ಬರ್ ಅಷ್ಟೂ ಮುಗಿದಿತ್ತು. ಹೊಸದು ತರಿಸುವಷ್ಟರಲ್ಲಿ ಕ್ರಿಸ್ಮಸ್ ದಾಟುತ್ತಿತ್ತು. ಇದ್ದ ಅಚ್ಚಿನಲ್ಲೇ ಎರಕ ಹೊಯ್ದರು. ಬಂದ ರಾಜರೆಲ್ಲ ಸಿಪ್ಪೆ ಸುಲಿದ ಮೊಟ್ಟೆಯಂತೆ ನುಣ್ಣಗಿದ್ದರು. ಹುಬ್ಬಿಲ್ಲ, ಗಲ್ಲವಿಲ್ಲ. ಕಿರೀಟದ ಮೊನೆಗಳು ಕರಗಿ, ತಲೆಗೆ ಬೈರಾಸಿನ ಮುಂಡಾಸು ಸುತ್ತಿದ ಹಾಗಿತ್ತು.

ಎಸೆಯಲು ಹೊರಟಾಗಲೇ ಕ್ಲೈವ್ ಬಂದ. ಒಂದನ್ನು ಎತ್ತಿಕೊಂಡು ಅರಳಿದ. “ಅಂಕಲ್, ಈ ಕುರುಬ ಎಷ್ಟು ಪಾಪದವ, ಸಾಧು ಮುಖ! ನಮ್ಮ ಗೋದಲಿಗೆ ಕುರುಬನೇ ಇಲ್ಲ. ಅಲ್ ಥುಮಾಮಾದ ಕ್ರಿಸ್ಟೀನಾ ಆಂಟಿಗೂ ಒಂದು ಕೊಡಿ.”

‘ಅದು ಕುರುಬ ಅಲ್ಲ, ರಾಜ. ರಾಜ ಅಲ್ಲ, ನಾನು’ ಎಂಬ ಮಾತು ಲ್ಯಾನ್ಸ್‌ಲಾಟರ ಗಂಟಲವರೆಗೆ ಬಂತು. ಜರ್ಟ್ರೂಡ್ ಅವರನ್ನೇ ನೋಡುತ್ತಿದ್ದಳು. ಅವರು ಕೆಮ್ಮಿದರು.

“ಹೌದು ಮಾರಾಯ, ಕುರುಬನೇ. ಕುರಿ ಪಕ್ಕದಲ್ಲಿ ನಿಲ್ಲಿಸು.”

ಆ ಕ್ರಿಸ್ಮಸ್‌ಗೆ ದೋಹಾದ ಹಲವು ಮನೆಗಳಲ್ಲಿ ಲ್ಯಾನ್ಸ್‌ಲಾಟ್ ಗುರುತಿಲ್ಲದೆ ಕುರಿ ಕಾದರು. ಕಿರೀಟ, ಮೂಗು, ಗಲ್ಲ ಎಲ್ಲ ಸುರಕ್ಷಿತವಾಗಿದ್ದ ಮೂಲ ರಾಜ, ಮಾರ್ಚ್‌ನಲ್ಲಿ ಊರಿಗೆ ಹೊರಟ ಸೂಟ್‌ಕೇಸಿನಲ್ಲಿ ಕಾಲುಚೀಲದೊಳಗೆ ಮಲಗಿದ್ದ.